ಅರಿಶಿನದ ಮೇಲೆ ಕುಂಕುಮ: ಕನ್ನಡ ಜಾಲತಾಣಕ್ಕೆ ಬಣ್ಣ ಹೊಂದಿಸಿದ ಬಗೆ

ಕನ್ನಡ ಸಂಘದ ಜಾಲತಾಣಕ್ಕೆ ಯಾವ ಬಣ್ಣ ಎಂದು ಯಾರೂ ಕೇಳುವುದಿಲ್ಲ. ಅರಿಶಿನ, ಕುಂಕುಮ, ಅಷ್ಟೇ. ತಕರಾರು ಶುರುವಾಗುವುದು ಪುಟ ಸಿದ್ಧವಾದ ಮೇಲೆ. ಒಂದು ಮೊಬೈಲಿನಲ್ಲಿ ಕೆಂಪು ಕಣ್ಣಿಗೆ ಹೊಡೆಯುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲಿ ಅದೇ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಹಳದಿಯಂತೂ ಒಂದು ಕಡೆ ನಿಂಬೆ, ಇನ್ನೊಂದು ಕಡೆ ಮಾವು. ಇಂಥದೊಂದು ತಾಣಕ್ಕೆ ನಾನು ಬಣ್ಣ ಹೊಂದಿಸಿದ ಕ್ರಮ ಹೀಗಿದೆ.

ಮೊದಲೇ ಒಪ್ಪಿಕೊಳ್ಳಬೇಕಾದ ಮಾತೆಂದರೆ, ಎಲ್ಲ ಸ್ಕ್ರೀನಿನಲ್ಲೂ ಒಂದೇ ಬಣ್ಣ ಕಾಣಿಸಲು ಆಗದು. ವೆಬ್‌ನ ಬಣ್ಣಗಳಿಗೆ ಆಧಾರವಾದ ಎಸ್‌ಆರ್‌ಜಿಬಿ 1996ರಲ್ಲಿ ಬಂದ ಅಳತೆ. ಅಗ್ಗದ ಲ್ಯಾಪ್‌ಟಾಪ್ ಪರದೆಗಳಿಗೆ ಅದನ್ನೂ ಪೂರ್ತಿ ತೋರಿಸುವ ಶಕ್ತಿಯಿಲ್ಲ. ಅಮೋಲೆಡ್ ಮೊಬೈಲುಗಳು ‘ವಿವಿಡ್’ ಮೋಡ್‌ನಲ್ಲಿ ಅದನ್ನು ಮೀರಿ ಎಳೆದು ತೋರಿಸುತ್ತವೆ. ಬಣ್ಣದ ಛಾಯೆ ಹೀಗೆ ಅತ್ತಿತ್ತ ಜಾರಿದರೂ ತಿಳಿ ಮತ್ತು ಗಾಢದ ನಡುವಿನ ಅಂತರ ಬಹುಮಟ್ಟಿಗೆ ಉಳಿಯುತ್ತದೆ. ಹಾಗಾಗಿ ಇಡೀ ವಿನ್ಯಾಸವನ್ನು ಮೊದಲು ಕಪ್ಪು-ಬಿಳುಪಿಗೆ ಇಳಿಸಿ ನೋಡುತ್ತೇನೆ. ಬೂದು ಬಣ್ಣದಲ್ಲೂ ಓದಲು ಬಂದರೆ ಮಾತ್ರ ಮುಂದಿನ ಕೆಲಸ.

ಈ ಪರೀಕ್ಷೆಯಲ್ಲಿ ಅಚ್ಚ ಹಳದಿ (255, 255, 0) ಮೇಲಿನ ಅಚ್ಚ ಕೆಂಪು (255, 0, 0) ಅಕ್ಷರ ಸೋಲುತ್ತದೆ. ಆವರಣದಲ್ಲಿರುವುದು ಕೆಂಪು, ಹಸಿರು, ನೀಲಿಗಳ ಪ್ರಮಾಣ, 0ಯಿಂದ 255ರವರೆಗೆ. ಈ ಜೋಡಿಯ ಕಾಂಟ್ರಾಸ್ಟ್, ಅಂದರೆ ಎರಡು ಬಣ್ಣಗಳ ಹೊಳಪಿನ ಅನುಪಾತ, ಸುಮಾರು 3.7:1. ಜಾಲತಾಣ ಎಲ್ಲರಿಗೂ ಓದಲು ಬರುವಂತಿರಲಿ ಎಂದು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಸಾಮಾನ್ಯ ಅಕ್ಷರಕ್ಕೆ ಕೇಳುವುದು 4.5:1. ಅಚ್ಚ ಹಳದಿ ತೀರಾ ಹಸಿರೆನಿಸಿ ಅರಿಶಿನಕ್ಕೆ ಹತ್ತಿರದ (255, 204, 0) ತೆಗೆದುಕೊಂಡರೆ ಅಂತರ 2.6ಕ್ಕೆ ಕುಸಿಯುತ್ತದೆ. ಕೆಂಪನ್ನು #990000ಕ್ಕೆ (ಅದೇ ಸಂಖ್ಯೆಗಳನ್ನು ಬರೆಯುವ ಇನ್ನೊಂದು ಬಗೆ, ಇಲ್ಲಿ 153, 0, 0) ಇಳಿಸಿದೆ, 5.9 ಸಿಕ್ಕಿತು. ಅದೇ ಗಾಢ ಕೆಂಪಿನ ಮೇಲೆ ಬಿಳಿ ಅಕ್ಷರ ಹಾಕಿದರೆ 8.9. ಕುಂಕುಮ ಕಪ್ಪಾಯಿತು ಎನ್ನುವವರು ಇದ್ದೇ ಇರುತ್ತಾರೆ. ಅವರಿಗಾಗಿ ಅಲಂಕಾರದ ಅಗಲ ಪಟ್ಟಿಗಳಲ್ಲಿ ಹೊಳೆಯುವ ಕೆಂಪನ್ನೇ ಬಿಟ್ಟು, ಓದುವ ಕಡೆ ಮಾತ್ರ ಗಾಢ ಕೆಂಪು ಇಟ್ಟೆ.

ಬಿಳಿಯ ಮೇಲೆ ಹಳದಿ ಅಕ್ಷರವನ್ನು ಕೇಳುವುದೇ ಬೇಡ. ಹೊಳಪಿನ ಲೆಕ್ಕದಲ್ಲಿ ಹಸಿರಿನ ಪಾಲು 0.7152, ಕೆಂಪಿನದು 0.2126, ನೀಲಿಯದು ಬರೀ 0.0722. ಹಳದಿ ಎಂದರೆ ಕೆಂಪು ಮತ್ತು ಹಸಿರು ಕೂಡಿದ್ದು, ಅಂದರೆ ಬಿಳಿಯ ಹೊಳಪಿನಲ್ಲಿ ಹೆಚ್ಚುಕಡಿಮೆ ಪೂರ್ತಿ. ಕಾಂಟ್ರಾಸ್ಟ್ 1.07:1, ಓದಲು ಅಲ್ಲಿ ಏನೂ ಇಲ್ಲ.

4.5 ಎಂಬ ಗೆರೆ ಕನ್ನಡಕ್ಕೆ ಸಾಲದು ಎಂಬುದು ನನ್ನ ಅಭಿಪ್ರಾಯ. 24 ಪಿಕ್ಸೆಲ್ ಮತ್ತು ಅದಕ್ಕಿಂತ ದೊಡ್ಡ ಅಕ್ಷರಕ್ಕೆ 3:1 ಸಾಕು ಎಂಬ ವಿನಾಯಿತಿಯನ್ನೂ ನಾನು ಬಳಸುವುದಿಲ್ಲ. ‘ರಾಷ್ಟ್ರೀಯ’ ಎಂದು 24 ಪಿಕ್ಸೆಲ್‌ನಲ್ಲಿ ಬರೆದು ನೋಡಿ. ಮೇಲಿನ ಅಕ್ಷರ ದೊಡ್ಡದೇ, ಆದರೆ ಕೆಳಗಿನ ಒತ್ತುಗಳು ಅದಕ್ಕಿಂತ ಎಷ್ಟೋ ಚಿಕ್ಕವು, ಗೆರೆಯೂ ತೆಳು. ಬಣ್ಣ ಮಾಸಿದ ಪರದೆಯಲ್ಲಿ ಮೊದಲು ಕರಗುವುದು ಅವೇ. ಪ್ಯಾರಾಗಳಿಗೆ 7:1ಕ್ಕಿಂತ ಕೆಳಗೆ ಇಳಿಯುವುದಿಲ್ಲ, ತೆಳುವಾದ ‘ಲೈಟ್’ ಫಾಂಟ್ ಮುಟ್ಟುವುದಿಲ್ಲ.

ಹಿನ್ನೆಲೆಗೆ ಕೆನೆ ಬಣ್ಣ (255, 250, 235), ಅಕ್ಷರಕ್ಕೆ #222222. ಇದು 15:1ರಷ್ಟು ಬರುತ್ತದೆ. ಇಲ್ಲೊಂದು ಹಳ್ಳವಿದೆ. ಬಿಳಿಯ ಮೇಲೆ 4.54 ಪಡೆದು ಪಾಸಾಗುವ #767676 ಬೂದು, ಈ ಕೆನೆಯ ಮೇಲೆ 4.35ಕ್ಕೆ ಇಳಿದು ಫೇಲಾಗುತ್ತದೆ. ಹಿನ್ನೆಲೆ ಬದಲಿಸಿದರೆ ಪ್ರತಿ ಜೋಡಿಯನ್ನೂ ಮತ್ತೆ ಅಳೆಯಬೇಕು. ಕ್ರೋಮ್ ಬ್ರೌಸರಿನಲ್ಲೇ ಇರುವ ಪರಿಶೀಲನಾ ಸಲಕರಣೆ ಡೆವ್‌ಟೂಲ್ಸ್‌ನಲ್ಲಿ ಅಕ್ಷರದ ಬಣ್ಣದ ಚೌಕ ಒತ್ತಿದರೆ ಸಂಖ್ಯೆ ಅಲ್ಲೇ ಕಾಣುತ್ತದೆ. ದಿನಾಂಕ, ಚಿತ್ರದ ಅಡಿಬರಹದಂಥ ಕಡೆಗೆ (90, 90, 90) ಇಟ್ಟೆ, 6.6.

ಲಿಂಕಿಗೆ ಗಾಢ ಕೆಂಪು, ಜೊತೆಗೆ ಅಡಿಗೆರೆ ಕಡ್ಡಾಯ. ಸುತ್ತಲಿನ ಕಪ್ಪು ಅಕ್ಷರಕ್ಕೂ ಅದಕ್ಕೂ ಹೊಳಪಿನಲ್ಲಿ 1.8ರಷ್ಟೇ ಅಂತರ, ಕೆಂಪು-ಹಸಿರು ಗುರುತಿಸಲಾಗದವರಿಗೆ ಬರೀ ಬಣ್ಣದಿಂದ ಲಿಂಕ್ ಎಂದು ತಿಳಿಯದು. ಆದರೆ ಅಡಿಗೆರೆ ಒತ್ತಕ್ಷರದ ಜಾಗದಲ್ಲೇ ಬರುತ್ತದೆ. ಪುಟದ ರೂಪ ಹೇಳುವ ಸಿಎಸ್‌ಎಸ್ ಭಾಷೆಯ ಅಂಡರ್‌ಲೈನ್ ಆಫ್‌ಸೆಟ್ ಅನ್ನು ಅಕ್ಷರ ಗಾತ್ರದ ಮೂರನೇ ಒಂದು ಭಾಗದಷ್ಟು ಕೆಳಕ್ಕೆ ಇಳಿಸಿ, ಸಾಲುಗಳ ನಡುವಿನ ಜಾಗವನ್ನು 1.8ಕ್ಕೆ ಏರಿಸಿದೆ.

ಆಮೇಲೆ ನಿಜವಾದ ಪರದೆಗಳು. ಟಿಎನ್ ಎಂಬ ಅಗ್ಗದ ಬಗೆಯ ಪ್ಯಾನೆಲ್‌ನ ಹಳೆಯ ಲ್ಯಾಪ್‌ಟಾಪ್ ಒಂದನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ. ಮುಚ್ಚಳವನ್ನು ಸ್ವಲ್ಪ ಹಿಂದೆ ಮುಂದೆ ಬಾಗಿಸಿದರೆ ಸಾಕು, ಕೆನೆ ಬಿಳಿಯಾಗುತ್ತದೆ, ತಿಳಿ ಬೂದು ಗೆರೆಗಳು ಮಾಯ. ಇಂಥ ಪರದೆಗಳಲ್ಲಿ ಹಲವು 6 ಬಿಟ್‌ನವು, ಒಂದೊಂದು ಬಣ್ಣಕ್ಕೆ 256ರ ಬದಲು 64 ಮೆಟ್ಟಿಲು. ಅರಿಶಿನದಿಂದ ಕೆಂಪಿಗೆ ಜಾರುವ ಗ್ರೇಡಿಯಂಟ್ ಅಲ್ಲಿ ಪಟ್ಟೆಪಟ್ಟೆಯಾಗಿ ಕಂಡಿತು, ತೆಗೆದುಹಾಕಿದೆ.

ಮೊಬೈಲಿನಲ್ಲಿ ನೈಟ್ ಫಿಲ್ಟರ್ ಹಾಕಿ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಫಿಲ್ಟರ್ ತಗ್ಗಿಸುವುದು ನೀಲಿಯನ್ನು. ಬಿಳಿಯಿಂದ ನೀಲಿ ಹೋದರೆ ಉಳಿಯುವುದೇ ಹಳದಿ! ಹೀಗಾಗಿ ಬಿಳಿ ಪುಟದ ಮೇಲಿನ ತಿಳಿ ಹಳದಿ ಪೆಟ್ಟಿಗೆ ರಾತ್ರಿ ಒಂಬತ್ತರ ಮೇಲೆ ಕಾಣೆಯಾಗುತ್ತದೆ. ಪೆಟ್ಟಿಗೆಗೆ ಎಡಬದಿಯಲ್ಲಿ 4 ಪಿಕ್ಸೆಲ್‌ನ ಗಾಢ ಕೆಂಪು ಗೆರೆ ಎಳೆದರೆ ಹಳದಿ ಹೋದರೂ ಪೆಟ್ಟಿಗೆ ಉಳಿಯುತ್ತದೆ. ಫಾರ್ಮಿನ ಖಾನೆಗಳಿಗೂ ಹಾಗೆಯೇ, (140, 140, 140) ಅಂಚು, 3:1ಕ್ಕಿಂತ ತುಸು ಮೇಲೆ.

ಡಾರ್ಕ್ ಮೋಡ್‌ಗೆ ಬೇರೆಯೇ ಪಟ್ಟಿ ಬೇಕು. (18, 18, 18)ರ ಮೇಲೆ #990000 ಬರೀ 2.1. ಅಲ್ಲಿ ಲಿಂಕು, ಶೀರ್ಷಿಕೆಗಳನ್ನು ಅರಿಶಿನಕ್ಕೆ ತಿರುಗಿಸಿದೆ, 12 ದಾಟಿತು. ಅಚ್ಚ ಕಪ್ಪು ಬೇಡವೆಂದದ್ದಕ್ಕೂ ಕಾರಣವಿದೆ: ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಲೆಡ್ ಪರದೆಯಲ್ಲಿ (ಅಮೋಲೆಡ್ ಅದರದೇ ಒಂದು ಬಗೆ) ಆರಿಹೋದ ಪಿಕ್ಸೆಲ್ ಮತ್ತೆ ಹೊತ್ತಿಕೊಳ್ಳಲು ಕ್ಷಣ ತಡಮಾಡುತ್ತದೆ, ಪುಟ ಸರಿಸುವಾಗ ಅಕ್ಷರ ಬಾಲ ಎಳೆದಂತೆ ಕಾಣುತ್ತದೆ.

ಬ್ಯಾನರನ್ನು ಜೆಪೆಗ್‌ನಲ್ಲಿ ಕೊಟ್ಟರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಹೊಳಪಿನ ವಿವರಕ್ಕಿಂತ ಕಡಿಮೆ ಉಳಿಸುವುದರಿಂದ ಹಳದಿ ಮೇಲಿನ ಕೆಂಪು ಅಕ್ಷರದ ಅಂಚಿನಲ್ಲಿ ಕೊಳೆ ಕೂತಂತಾಗುತ್ತದೆ. ಅಕ್ಷರವಿರುವ ಚಿತ್ರ ಎಸ್‌ವಿಜಿ ಇಲ್ಲವೇ ಪಿಎನ್‌ಜಿ ಆಗಿರಲಿ. ಐಫೋನ್ ಫೋಟೋಗಳು ಎಸ್‌ಆರ್‌ಜಿಬಿಗಿಂತ ವಿಶಾಲವಾದ ಪಿ3 ಎಂಬ ಬಣ್ಣದ ಅಳತೆಯಲ್ಲಿರುತ್ತವೆ, ಎಸ್‌ಆರ್‌ಜಿಬಿಗೆ ಬದಲಿಸಿಯೇ ಏರಿಸಬೇಕು.

ಇಷ್ಟಾದರೂ ‘ನಮ್ಮ ಕಡೆ ಬಣ್ಣ ಬೇರೆ ಬರ್ತಿದೆ, ನೋಡಿ ಸರ್’ ಎಂದು ಸ್ಕ್ರೀನ್‌ಶಾಟ್ ಬರುತ್ತದೆ. ಅದರಿಂದ ಏನೂ ತಿಳಿಯದು, ಏಕೆಂದರೆ ಸ್ಕ್ರೀನ್‌ಶಾಟ್‌ನಲ್ಲಿರುವುದು ಬಣ್ಣದ ಸಂಖ್ಯೆ, ಅವರ ಪರದೆಯ ದೋಷವಲ್ಲ. ನಾನು ಕೇಳುವುದು ಮೂರೇ ಪ್ರಶ್ನೆ: ಯಾವ ಮಾಡೆಲ್, ನೈಟ್ ಫಿಲ್ಟರ್ ಆನ್ ಇದೆಯೇ, ಸ್ಕ್ರೀನ್ ಮೋಡ್ ವಿವಿಡ್‌ನಲ್ಲಿದೆಯೋ ನ್ಯಾಚುರಲ್‌ನಲ್ಲಿದೆಯೋ. ಎರಡನೆಯದಕ್ಕೇ ಎಷ್ಟೋ ಸಲ ಉತ್ತರ ಸಿಗುತ್ತದೆ.