ಗಂಜಿಯ ತಿಳಿ ಮತ್ತು ಅಮ್ಮನ ಕೆಮ್ಮು

ಪಾರ್ಶ್ವವಾಯುವಿನಿಂದ ಬಲಭಾಗ ಸೋತಿದ್ದ ಅಮ್ಮನನ್ನು ಆಸ್ಪತ್ರೆಯಿಂದ ಉಡುಪಿ ಸಮೀಪದ ಬ್ರಹ್ಮಾವರದ ಮನೆಗೆ ಕರೆತಂದ ಮೊದಲ ವಾರ ನಾನು ಕೊಟ್ಟದ್ದು ಕುಚಲಕ್ಕಿ ಗಂಜಿಯ ತಿಳಿ, ಎಳನೀರು ಮತ್ತು ನೀರುಮಜ್ಜಿಗೆ. ಕಾಯಿಲೆಯವರಿಗೆ ತೆಳ್ಳಗಿನದೇ ಹಗುರ ಎಂದು ನಂಬಿದವನು ನಾನು. ಗುಟುಕಿಗೊಮ್ಮೆ ಕೆಮ್ಮು ಬರುತ್ತಿತ್ತು, ಕುಡಿದಾದ ಮೇಲೆ ಗಂಟಲಲ್ಲಿ ನೀರು ನಿಂತಂತೆ ಸ್ವರ ಗೊರಗುಡುತ್ತಿತ್ತು. ಶೀತವಿರಬೇಕೆಂದು ಶುಂಠಿ ಕಷಾಯವನ್ನೂ ಕುಡಿಸಿದೆ, ಅದೂ ತೆಳ್ಳಗಿನದೇ. ಎಂಟನೆಯ ದಿನ ಜ್ವರ ಬಂತು, ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಿತು.

ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಪಾರ್ಶ್ವವಾಯುವಿನ ಬಳಿಕ ಹಲವರಲ್ಲಿ ಆ ಕ್ರಿಯೆ ನಿಧಾನವಾಗುವುದರಿಂದ, ವೇಗವಾಗಿ ಹರಿಯುವ ನೀರು ಅದಕ್ಕೂ ಮೊದಲೇ ಶ್ವಾಸಕೋಶದತ್ತ ಇಳಿದುಬಿಡುತ್ತದೆ ಎಂದು ಸ್ಪೀಚ್ ಥೆರಪಿಸ್ಟ್ ವಿವರಿಸಿದರು. ಮಾತು ಕಲಿಸುವವರೇ ನುಂಗುವುದನ್ನೂ ಪರೀಕ್ಷಿಸುತ್ತಾರೆಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೆಲವರಿಗೆ ಕೆಮ್ಮೂ ಬರುವುದಿಲ್ಲವಂತೆ, ನೇರವಾಗಿ ಜ್ವರವೇ ಬರುತ್ತದಂತೆ. ನಮ್ಮ ಗಂಜಿಯ ವಿಷಯದಲ್ಲಿ ಅವರು ಹೇಳಿದ್ದು ಇನ್ನೂ ಮುಖ್ಯ: ತಿಳಿ ಒಂದು ಕಡೆ, ಇಡೀ ಅಗುಳು ಇನ್ನೊಂದು ಕಡೆ ಇರುವ ಊಟದಲ್ಲಿ ಅಗುಳನ್ನು ಅಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಜಾರುವುದರಿಂದ ಅದು ಎಲ್ಲಕ್ಕಿಂತ ಕಷ್ಟದ್ದು.

ಹಾಗಾಗಿ ಗಂಜಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಚಮಚದಿಂದ ಸುರಿಯದೆ ಮೆಲ್ಲನೆ ಜಾರುವಷ್ಟು ದಪ್ಪ ಮಾಡಿದೆ. ರಾಗಿ ಮಣ್ಣಿ ಚೆನ್ನಾಗಿ ಒಗ್ಗಿತು. ಸೋಸಿದ ರಾಗಿಹಾಲಿನದಾದ್ದರಿಂದ ಅದರಲ್ಲಿ ತರಿಯಿರುವುದಿಲ್ಲ. ನೀರಿಗೆ ಔಷಧದಂಗಡಿಯಲ್ಲಿ ಸಿಗುವ, ದ್ರವವನ್ನು ಮಂದಗೊಳಿಸುವ ಪುಡಿಯನ್ನು ಥೆರಪಿಸ್ಟ್ ಹೇಳಿದ ಪ್ರಮಾಣದಲ್ಲೇ ಬೆರೆಸಿದೆ. ಅಮ್ಮನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. “ಒಂಚೂರ್ ನೀರ್ ಕೊಡ್ ಮಗಾ” ಎಂದು ಕೇಳಿದಾಗ ಇಲ್ಲವೆನ್ನುವುದೇ ನನಗೆ ಅತ್ಯಂತ ಕಷ್ಟದ ಕೆಲಸವಾಗಿತ್ತು. ಬೇಸರದಿಂದ ನೀರನ್ನೇ ಬಿಟ್ಟರೆ ಎಂಬ ಭಯದಿಂದ ದಿನವಿಡೀ ಕುಡಿದದ್ದನ್ನು ಬರೆದಿಟ್ಟು, ಮೂತ್ರದ ಬಣ್ಣ ಗಾಢವಾದರೆ ವೈದ್ಯರಿಗೆ ತಿಳಿಸುತ್ತಿದ್ದೆ.

ನೋಡಲು ಬಂದವರೊಬ್ಬರು ಪ್ರೀತಿಯಿಂದ ಗಡ್‌ಬಡ್ ಐಸ್‌ಕ್ರೀಮ್ ತಂದಿದ್ದರು. ಗಟ್ಟಿಯಾಗಿ ಕಂಡರೂ ಅದು ಬಾಯಲ್ಲಿ ಕರಗಿ ನೀರೇ ಆಗುತ್ತದೆ, ಒಳಗೆ ಹಣ್ಣಿನ ಚೂರು ಬೇರೆ. ಅದನ್ನು ನಾವೇ ತಿಂದೆವು, ಅಡುಗೆಮನೆಯಲ್ಲಿ.

ಮಲಗಿಸಿ ಅಥವಾ ತೂಕಡಿಸುವಾಗ ಏನನ್ನೂ ಕೊಡುತ್ತಿರಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಟಿ.ವಿ. ಆರಿಸಿ, ಸಣ್ಣ ಚಮಚದಲ್ಲಿ ಒಂದು ತುತ್ತು ಕೊಟ್ಟು, ಗಂಟಲು ಮೇಲೆದ್ದು ಇಳಿದದ್ದನ್ನು ಕಂಡ ಮೇಲೆಯೇ ಮುಂದಿನದು. ಊಟದ ನಂತರ ಅರ್ಧ ಗಂಟೆ ಹಾಗೆಯೇ ಕೂರಿಸುತ್ತಿದ್ದೆ. ಸ್ವಾಧೀನ ತಪ್ಪಿದ ಬಲಗೆನ್ನೆಯೊಳಗೆ ತುತ್ತು ಉಳಿದಿರುವುದು ಅಮ್ಮನ ಅರಿವಿಗೆ ಬರುತ್ತಿರಲಿಲ್ಲವಾದ್ದರಿಂದ ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ಅದನ್ನು ತೆಗೆದು, ಹಲ್ಲುಜ್ಜಿಸುತ್ತಿದ್ದೆ. ಬಾಯಿಯ ಕೊಳೆ ಎಂಜಲಿನೊಡನೆ ಶ್ವಾಸಕೋಶಕ್ಕಿಳಿದರೂ ನ್ಯುಮೋನಿಯಾ ಬರಬಹುದು. ಮಾತ್ರೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಪುಡಿಮಾಡಲಿಲ್ಲ, ಏಕೆಂದರೆ ನಿಧಾನವಾಗಿ ಕರಗಬೇಕಾದ ಮಾತ್ರೆಯನ್ನು ಪುಡಿಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ.

ಮೂರು ತಿಂಗಳ ಬಳಿಕ ಮರುಪರೀಕ್ಷೆ ನಡೆಸಿದ ಥೆರಪಿಸ್ಟ್, ತಮ್ಮ ಎದುರಿಗೇ ಅಮ್ಮನಿಗೆ ಚಮಚದಲ್ಲಿ ಬರಿಯ ನೀರು ಕೊಟ್ಟು ನೋಡಿದರು. ಕೆಮ್ಮು ಬರಲಿಲ್ಲ, ಸ್ವರವೂ ಬದಲಾಗಲಿಲ್ಲ. ಅಗುಳಿರುವ ಗಂಜಿಗೆ ಇನ್ನೂ ಅನುಮತಿ ಸಿಕ್ಕಿಲ್ಲ. ಉಪ್ಪಿನಕಾಯಿಯ ರಸವನ್ನು ರುಬ್ಬಿದ ಗಂಜಿಗೇ ಕಲಸಿ ಕೊಡುತ್ತಿದ್ದೇನೆ.