ಮೊದಲು ಸೂಜಿ, ಆಮೇಲೆ ಪ್ಲೇಟು: ಮನೆಯಲ್ಲಿ ಜಾಝ್ ಕೇಳಲು ಶುರುಮಾಡುವವರಿಗೆ

ನನ್ನ ಮೊದಲ ಟರ್ನ್‌ಟೇಬಲ್ (ಗ್ರಾಮಫೋನ್ ಪ್ಲೇಟು ನುಡಿಸುವ ಯಂತ್ರ) ಬಂದಿದ್ದು ಅಮೆರಿಕದಿಂದ. ನೆಂಟರೊಬ್ಬರು ಸ್ವೆಟರಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದುಕೊಟ್ಟರು. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230 ಅನ್ನುವುದು ಗೊತ್ತಿತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಗೆ ಹೋಗಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ಪ್ಲೇಟು ಹಾಕಿದೆ. ಸ್ಯಾಕ್ಸೊಫೋನ್ ನಿದ್ದೆಗಣ್ಣಿನಲ್ಲಿ ಊದಿದ ಹಾಗಿತ್ತು. ಡ್ರಮ್ ಬಾರಿಸುವವನಿಗೆ ಜ್ವರ ಬಂದಂತಿತ್ತು. ಜಾಝ್ ಅಂದರೆ ಹೀಗೇ ಇರುತ್ತದೇನೋ ಅಂದುಕೊಂಡು ಒಂದು ವಾರ ಭಕ್ತಿಯಿಂದ ಕೇಳಿದೆ.

ವೀಣೆ ಕಲಿತ ನನ್ನ ಅತ್ತಿಗೆ ಬಂದಾಗ ಗುಟ್ಟು ಬಯಲಾಯಿತು. ಅದೇ ಹಾಡನ್ನು ಫೋನಿನಲ್ಲಿ ಹಾಕಿ, ‘ಇದಕ್ಕೂ ಅದಕ್ಕೂ ಶ್ರುತಿಯೇ ಸೇರ್ತಿಲ್ಲವಲ್ಲ’ ಅಂದರು. ನಿಜ, ಪೂರ್ತಿ ಮೂರು ಸ್ವರಸ್ಥಾನ ಕೆಳಗಿತ್ತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ. ಅಮೆರಿಕದಲ್ಲಿ ಅದು 60 ಹರ್ಟ್ಜ್, ಇಲ್ಲಿ 50. ಹಳೆಯ ಎಸಿ ಮೋಟಾರುಗಳು ಈ ಲೆಕ್ಕದಲ್ಲೇ ತಿರುಗುತ್ತವೆ. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ಪ್ಲೇಟು 28ಕ್ಕೂ ಕಡಿಮೆ ಸುತ್ತುತ್ತಿತ್ತು.

ಹಾಗಾಗಿ ಮೊದಲ ಮಾತು ಇದು. ಹೊರದೇಶದ ಹಳೆಯ ಟರ್ನ್‌ಟೇಬಲ್ ಕೊಳ್ಳುವ ಮುಂಚೆ ಅದರ ಹಿಂದಿನ ಚೀಟಿ ಓದಿ. 50 ಹರ್ಟ್ಜ್ ಅಂತ ಇರಬೇಕು, ಇಲ್ಲವೇ ಡಿಸಿ ಮೋಟಾರು ಇರಬೇಕು. ಟೆಕ್ನಿಕ್ಸ್ ಎಸ್‌ಎಲ್-1200ನ ಥರ ವೇಗವನ್ನು ತಾನೇ ನೋಡಿಕೊಳ್ಳುವ ಡೈರೆಕ್ಟ್ ಡ್ರೈವ್ ಯಂತ್ರವಾದರೆ ಈ ತಲೆನೋವಿಲ್ಲ. ಪೆಟ್ಟಿಗೆಯೊಳಗೇ ಸ್ಪೀಕರ್ ಇರುವ ಸೂಟ್‌ಕೇಸ್ ಪ್ಲೇಯರುಗಳು ನೋಡಲು ಮುದ್ದಾಗಿರುತ್ತವೆ. ಆದರೆ ಬಹುತೇಕವುಗಳಲ್ಲಿ ಸೂಜಿಯ ಭಾರ ಜಾಸ್ತಿ, ಅದನ್ನು ತಿದ್ದಲು ತಿರುಪೂ ಇರುವುದಿಲ್ಲ. ನನ್ನನ್ನು ಕೇಳಿದರೆ ಬೇಡ.

ಸೂಜಿಗೆ ತೂಕ ಹಾಕುವುದು

ಜಾಝ್ ಪ್ಲೇಟು ಸಂಗ್ರಹಿಸುವವರಲ್ಲಿ ಮುಕ್ಕಾಲು ಜನ ಇಲ್ಲೇ ಎಡವುತ್ತಾರೆ. ಪ್ಲೇಟಿಗೆ ಸಾವಿರಗಟ್ಟಲೆ ಸುರಿಯುತ್ತಾರೆ. ಸೂಜಿ ಮಾತ್ರ ಯಾವ ಕಾಲದ್ದೋ! ಸವೆದ ಸೂಜಿ ದನಿ ಕೆಡಿಸುವುದಷ್ಟೇ ಅಲ್ಲ, ಪ್ಲೇಟಿನಲ್ಲಿ ಸಂಗೀತ ಕೆತ್ತಿರುವ ಗೆರೆಯನ್ನೇ ಕೆರೆದು ಹಾಕುತ್ತದೆ. ಕೆರೆದ ಗೆರೆ ಮತ್ತೆ ಸರಿಯಾಗುವುದಿಲ್ಲ. ಒಂದು ಸೂಜಿ ಸುಮಾರು 500ರಿಂದ 1000 ಗಂಟೆ ಬಾಳುತ್ತದೆ. ಬೇರೆಯವರು ಬಳಸಿದ ಟರ್ನ್‌ಟೇಬಲ್ ಕೊಂಡರೆ ಹಳೆಯ ಸೂಜಿ ಎಷ್ಟು ಓಡಿದೆ ಅಂತ ತಲೆಕೆಡಿಸಿಕೊಳ್ಳಬೇಡಿ, ಹೊಸದನ್ನು ಹಾಕಿ.

ಶುರುಮಾಡುವವರಿಗೆ ಆಡಿಯೋ-ಟೆಕ್ನಿಕಾ ವಿಎಂ95ಇ ಅಥವಾ ಆರ್ಟೊಫೋನ್ 2ಎಂ ರೆಡ್ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಸೂಜಿ ಹಿಡಿದಿರುವ ಪುಟ್ಟ ಪೆಟ್ಟಿಗೆ) ಸಾಕು. ಮೊದಲನೆಯದಕ್ಕೆ 2 ಗ್ರಾಂ ಭಾರ, ಎರಡನೆಯದಕ್ಕೆ 1.8 ಗ್ರಾಂ. ಭಾರ ಇಡುವ ಕ್ರಮ ಸುಲಭ. ಸೂಜಿಯ ಮೇಲಿನ ಟೋಪಿ ತೆಗೆಯಿರಿ. ಆಂಟಿ-ಸ್ಕೇಟಿಂಗ್ (ತೋಳು ಒಳಕ್ಕೆ ಎಳೆದುಕೊಳ್ಳದಂತೆ ತಡೆಯುವ ತಿರುಪು) ಸೊನ್ನೆಯಲ್ಲಿರಲಿ. ತೋಳಿನ ಹಿಂಬದಿಯ ಗುಂಡನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ. ತೋಳು ಮೇಲಕ್ಕೂ ಏಳದೆ ಕೆಳಕ್ಕೂ ಬೀಳದೆ ಗಾಳಿಯಲ್ಲಿ ತೇಲಿ ನಿಲ್ಲುತ್ತದೆ. ಆಗ ಅಂಕಿಗಳಿರುವ ಬಳೆಯನ್ನು ಮಾತ್ರ ಸೊನ್ನೆಗೆ ತನ್ನಿ. ಬಳೆ, ಗುಂಡು ಎರಡನ್ನೂ ಒಟ್ಟಿಗೆ ತಿರುಗಿಸಿ ಬೇಕಾದ ಭಾರಕ್ಕೆ ನಿಲ್ಲಿಸಿ. ಆಂಟಿ-ಸ್ಕೇಟಿಂಗನ್ನೂ ಅದೇ ಅಂಕಿಗೆ ಇಡಿ.

ಆ ಬಳೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಗ್ರಾಮಿನ ನೂರನೇ ಒಂದು ಪಾಲು ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದೇನೆ. ನಮ್ಮನೆಯಲ್ಲಿ ಅದರ ಮೇಲೆ ಚಿನ್ನ ಇಟ್ಟದ್ದಿಲ್ಲ, ಸೂಜಿ ಮಾತ್ರ! ಭಾರ ಕಡಿಮೆಯಾದರೆ ಪ್ಲೇಟು ಸುರಕ್ಷಿತ ಅನ್ನುವುದು ತಪ್ಪು. ಹಗುರವಾದ ಸೂಜಿ ಗೆರೆಯೊಳಗೆ ಕುಣಿದು ಗೋಡೆಗೆ ಬಡಿಯುತ್ತದೆ.

ಭಾರ ಸರಿಯಾದ ಮೇಲೆ ಕಾರ್ಟ್ರಿಜ್ ನೇರ ಕೂತಿದೆಯಾ ನೋಡಿ. ಟರ್ನ್‌ಟೇಬಲ್ ಜೊತೆ ಬರುವ ಚೌಕಳಿ ಕಾಗದ ಇದಕ್ಕೇ ಇರುವುದು. ಅದನ್ನು ತಟ್ಟೆಯ ಮೇಲಿಟ್ಟು, ಕಾಗದದ ಗೆರೆಗಳಿಗೆ ಸಮನಾಗಿ ಕಾರ್ಟ್ರಿಜ್ ಕೂರಿಸಿ, ತಿರುಪು ಬಿಗಿಮಾಡಿ. ಇದು ಯಾಕೆ ಮುಖ್ಯ ಅಂದರೆ, ಪ್ಲೇಟಿನ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತದೆ. ಲೇಬಲ್ ಹತ್ತಿರ ಬಂದಾಗ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಹಾಗಾಯಿತು. ಕಾರ್ಟ್ರಿಜ್ ಸ್ವಲ್ಪ ಓರೆಯಾಗಿದ್ದರೂ ಬದಿಯ ಕೊನೆಯ ಹಾಡಿನಲ್ಲಿ ಟ್ರಂಪೆಟ್ ಒಡೆದ ಪೀಪಿಯಂತೆ ಕೇಳುತ್ತದೆ. ಜನ ಆಗ ಪ್ಲೇಟನ್ನು ಬೈಯುತ್ತಾರೆ.

ಸೂಜಿಯಿಂದ ಬರುವ ಸಂಕೇತ ಬಹಳ ಸಣ್ಣದು, ಕೆಲವೇ ಮಿಲಿವೋಲ್ಟ್. ಜೊತೆಗೆ ಪ್ಲೇಟು ಕೆತ್ತುವಾಗಲೇ ಬಾಸ್ ತಗ್ಗಿಸಿ, ಮೇಲಿನ ದನಿಗಳನ್ನು ಎತ್ತಿರುತ್ತಾರೆ. ಅದನ್ನು ತಿರುಗಾಮುರುಗಾ ಮಾಡಿ ಮೊದಲಿನ ಹದಕ್ಕೆ ತರುವ ಕೆಲಸ ಫೋನೋ ಪ್ರಿಆಂಪಿನದು. ಅದಿಲ್ಲದೆ ಆಂಪ್ಲಿಫೈಯರಿನ ಆಕ್ಸ್ ತೂತಿಗೆ ನೇರವಾಗಿ ಚುಚ್ಚಿದರೆ ಸೊಳ್ಳೆ ಹಾಡಿದಂತಿರುತ್ತದೆ. ಗುಂಯ್ ಅನ್ನುವ ಸದ್ದು ಬಂದರೆ ಟರ್ನ್‌ಟೇಬಲ್ಲಿನ ಅರ್ತ್ ತಂತಿಯನ್ನು ಪ್ರಿಆಂಪಿನ ತಿರುಪಿಗೆ ಕಟ್ಟಿ. ಆಮೇಲೂ ಗುಂಯ್ ನಿಲ್ಲದಿದ್ದರೆ ಗೋಡೆಯ ಪ್ಲಗ್ಗಿಗೇ ಅರ್ತ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

ಕೋಣೆಯೂ ಒಂದು ವಾದ್ಯ. ಈಗಿನ ಫ್ಲ್ಯಾಟುಗಳಲ್ಲಿ ಕೆಳಗೆ ಟೈಲ್ಸ್, ಪಕ್ಕದಲ್ಲಿ ಗಾಜು. ಕೈ ತಟ್ಟಿದರೆ ಝಣ್ ಅನ್ನುತ್ತದೆ, ಡ್ರಮ್ಮಿನ ಸಿಂಬಲ್ ಕೂಡ ಹಾಗೇ ಕಿವಿ ಇರಿಯುತ್ತದೆ. ಸ್ಪೀಕರಿಗೂ ನಿಮಗೂ ನಡುವೆ ಒಂದು ದಪ್ಪ ಜಮಖಾನ ಹಾಸಿ. ನಮ್ಮಲ್ಲಿರುವುದು ಅಜ್ಜಿ ಕಾಲದ ನವಲಗುಂದದ ಜಮಖಾನ. ಯಾವ ದುಬಾರಿ ಕೇಬಲ್ಲೂ ಅದರಷ್ಟು ಕೆಲಸ ಮಾಡಿಲ್ಲ. ಎರಡು ಸ್ಪೀಕರು ಮತ್ತು ನಿಮ್ಮ ಕುರ್ಚಿ ಸೇರಿ ಸಮ ತ್ರಿಕೋನವಾಗಲಿ. ಗೋಡೆಯಿಂದ ಸ್ಪೀಕರನ್ನು ಒಂದೆರಡು ಅಡಿ ಮುಂದೆ ತಂದರೆ ಡಬಲ್ ಬಾಸಿನ ಗುಡುಗು ಕಡಿಮೆಯಾಗಿ, ತಂತಿ ಮೀಟಿದ್ದು ಬಿಡಿಬಿಡಿಯಾಗಿ ಕೇಳುತ್ತದೆ.

ಈಗ ಪ್ಲೇಟು

ಹಳೆಯ ಪ್ಲೇಟನ್ನು ಕವರ್ ನೋಡಿ ಕೊಳ್ಳಬೇಡಿ. ಒಮ್ಮೆ ಭಾನುವಾರದ ಸಂತೆಯಲ್ಲಿ ಚೆಂದದ ನೀಲಿ ಕವರ್ ಸಿಕ್ಕಿತು. ಚೌಕಾಸಿ ಮಾಡಿ ಗೆದ್ದ ಖುಷಿಯಲ್ಲಿ ಒಳಗೆ ನೋಡದೆ ಮನೆಗೆ ಬಂದೆ. ಸೂಜಿ ಇಟ್ಟರೆ ಸುಪ್ರಭಾತ! ತಪ್ಪು ನನ್ನದೇ. ಬೆಳಿಗ್ಗೆ ಹೊತ್ತು ಅದೂ ಕೇಳಲು ಚೆನ್ನಾಗಿದೆ, ಇಟ್ಟುಕೊಂಡಿದ್ದೇನೆ.

ಪ್ಲೇಟನ್ನು ಹೊರಗೆ ತೆಗೆದು, ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆಯಾಗಿ ತಿರುಗಿಸಿ. ಕೂದಲೆಳೆಯಂಥ ಗೀರುಗಳು ಬಹುತೇಕ ಕೇಳಿಸುವುದಿಲ್ಲ. ಬೆರಳ ತುದಿಗೆ ತಗುಲುವ ಗೀರು ಕೇಳಿಸುತ್ತದೆ. ಎಷ್ಟು ಹೊತ್ತು? ಲೆಕ್ಕ ಹಾಕಿ. ಪ್ಲೇಟು ಒಂದು ಸುತ್ತು ಬರಲು 1.8 ಸೆಕೆಂಡ್. ಇಪ್ಪತ್ತು ನಿಮಿಷದ ಬದಿಯಲ್ಲಿ ಒಂದು ಸೆಂಟಿಮೀಟರ್ ಅಗಲಕ್ಕೆ ಸುಮಾರು 80 ಸುತ್ತು ಗೆರೆ ಇರುತ್ತದೆ. ಹೊರಗಿನಿಂದ ಒಳಕ್ಕೆ ಒಂದು ಸೆಂಟಿಮೀಟರ್ ಗೀರಿದ್ದರೆ 80 ಸಲ ಟಿಕ್, ಅಂದರೆ ಎರಡು ನಿಮಿಷಕ್ಕೂ ಜಾಸ್ತಿ. ಡ್ರಮ್ಮಿನ ಅಬ್ಬರದಲ್ಲಾದರೆ ಮುಚ್ಚಿಹೋದೀತು. ಬರೀ ಪಿಯಾನೋ ನುಡಿಯುವ ನಿಧಾನದ ಹಾಡಿನಲ್ಲಾದರೆ ಹಣ ದಂಡ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಬೆಳ್ಳಗಿನ ಎಳೆಗಳಿದ್ದರೆ ಅದನ್ನು ಬಹಳ ಸಲ ಹಾಕಿ ತೆಗೆದಿದ್ದಾರೆ ಅಂತ ಅರ್ಥ.

ಇನ್ನು ಸಂಗ್ರಹದ ಹುಚ್ಚು. ಜಾಝ್‌ನಲ್ಲಿ ಈ ಹುಚ್ಚು ಜಾಸ್ತಿ ಹತ್ತುವುದು ಬ್ಲೂ ನೋಟ್ ಲೇಬಲ್ಲಿನ ಮೇಲೆ. ಜರ್ಮನಿಯಿಂದ ಬಂದ ಆಲ್ಫ್ರೆಡ್ ಲಯನ್ 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಕಂಪನಿ ಇದು. ಅವರ ಐವತ್ತರ ದಶಕದ ಎಷ್ಟೋ ಪ್ಲೇಟುಗಳು ಧ್ವನಿಮುದ್ರಣವಾಗಿದ್ದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ, ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್ ಅವರ ತಂದೆತಾಯಿಯ ಮನೆಯ ಹಜಾರದಲ್ಲಿ. ವ್ಯಾನ್ ಗೆಲ್ಡರ್ ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುತ್ತಿದ್ದವರು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು.

ಆ ಕಾಲದಲ್ಲೇ ಒತ್ತಿದ ಅಸಲಿ ಪ್ಲೇಟನ್ನು ಗುರುತಿಸಲು ನಡುವೆ ಅಂಟಿಸಿದ ಲೇಬಲ್ಲಿನಲ್ಲಿರುವ ಕಂಪನಿಯ ವಿಳಾಸ ಓದಿದರೆ ಸಾಲದು. ಸಂಗೀತ ಮುಗಿದು ಲೇಬಲ್ ಶುರುವಾಗುವ ನಡುವಿನ ಖಾಲಿ ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಅಲ್ಲಿ ಆರ್‌ವಿಜಿ ಅಥವಾ ವ್ಯಾನ್ ಗೆಲ್ಡರ್ ಅಂತ ಇದ್ದರೆ ಗೆರೆ ಕೆತ್ತಿದ್ದು ಅವರೇ. ಪಕ್ಕದಲ್ಲಿ ಕಿವಿಯ ಆಕಾರದ ಗುರುತು ಕಂಡರೆ ಪ್ಲಾಸ್ಟಿಲೈಟ್ ಕಾರ್ಖಾನೆಯಲ್ಲಿ ಒತ್ತಿದ್ದು. ಅದು ನಿಜಕ್ಕೂ ಇಂಗ್ಲಿಷಿನ ಪಿ ಅಕ್ಷರ, ಸಂಗ್ರಾಹಕರ ಬಾಯಲ್ಲಿ ಕಿವಿಯಾಗಿದೆ. 1965ರಲ್ಲಿ ಲಿಬರ್ಟಿ ಕಂಪನಿ ಬ್ಲೂ ನೋಟನ್ನು ಕೊಂಡಿತು. 1966ರ ನಂತರ ಒತ್ತಿದವುಗಳಲ್ಲಿ ಕಿವಿ ಇಲ್ಲ. ಆದರೆ ಉಳಿದಿದ್ದ ಹಳೆಯ ಲೇಬಲ್ಲುಗಳನ್ನೇ ಲಿಬರ್ಟಿಯವರು ಅಂಟಿಸುತ್ತಾ ಹೋದರು. ಲೇಬಲ್ ನೋಡಿ ಮೋಸಹೋಗುವುದು ಹೀಗೆ.

ಕಿವಿ ಇರುವ ಒಳ್ಳೆಯ ಪ್ರತಿಗಳ ಬೆಲೆ ಲಕ್ಷ ದಾಟುವುದೂ ಉಂಟು. ನನ್ನ ಸಲಹೆ ಕೇಳುತ್ತೀರಾದರೆ, ಕಿವಿ ಇಲ್ಲದ, ಆದರೆ ವ್ಯಾನ್ ಗೆಲ್ಡರ್ ಗುರುತಿರುವ ಲಿಬರ್ಟಿ ಕಾಲದ ಪ್ರತಿ ಹುಡುಕಿ. ಗೆರೆ ಕೆತ್ತಿದ ಕೈ ಅದೇ, ಬೆಲೆ ಬಹಳ ಕಡಿಮೆ. ಎಪ್ಪತ್ತು, ಎಂಬತ್ತರ ದಶಕದ ಜಪಾನ್ ಪ್ರತಿಗಳೂ ಸದ್ದಿಲ್ಲದೆ ಓಡುತ್ತವೆ. ಜಪಾನಿನವರು ಪ್ಲೇಟನ್ನು ದೇವರಂತೆ ನೋಡಿಕೊಂಡಿರುತ್ತಾರೆ. ಹೊಸದೇ ಬೇಕಾದರೆ 2019ರಲ್ಲಿ ಶುರುವಾದ ಬ್ಲೂ ನೋಟಿನ ಟೋನ್ ಪೊಯೆಟ್ ಸರಣಿ ಇದೆ, ಮೂಲ ಟೇಪಿನಿಂದ ಕೆವಿನ್ ಗ್ರೇ ಕೆತ್ತಿದ್ದು. ದನಿಯಲ್ಲಿ ಇವು ಅಸಲಿಗೇನೂ ಸೋಲುವುದಿಲ್ಲ. ಒಪ್ಪದವರು ಇದ್ದಾರೆ, ಅವರ ಜೇಬು ದೊಡ್ಡದು.

ಮೊದಲ ಪ್ರತಿ ಅಂದಮಾತ್ರಕ್ಕೆ ದೋಷವಿಲ್ಲ ಅಂತಲೂ ಅಲ್ಲ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸರ ‘ಕೈಂಡ್ ಆಫ್ ಬ್ಲೂ’ ನೋಡಿ. 1959ರ ಮಾರ್ಚ್ 2ರಂದು ಮೊದಲ ಬದಿಯ ಮೂರು ಹಾಡುಗಳನ್ನು ಮುದ್ರಿಸುವಾಗ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ಕೊಂಚ ಏರಿ ಕೇಳುತ್ತದೆ. ಬೇರೆ ಯಂತ್ರದಲ್ಲಿದ್ದ ಎರಡನೇ ಟೇಪಿನಿಂದ ಅದನ್ನು ತಿದ್ದಿದ್ದು 1992ರಲ್ಲಿ. ಅಷ್ಟು ವರ್ಷ ಜಗತ್ತೆಲ್ಲ ಏರಿದ ಶ್ರುತಿಯಲ್ಲೇ ಕೇಳಿತು. ನನ್ನ ಒಂದು ವಾರ ಯಾವ ಲೆಕ್ಕ!

ನಮ್ಮ ಊರಿನ ನಂಟಿರುವ ಒಂದು ಪ್ಲೇಟನ್ನು ಮಾತ್ರ ಬಿಡಬೇಡಿ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ಮಾಡಿದ ‘ಜ್ಯೋತಿ’, ಇಸಿಎಂ ಲೇಬಲ್, 1983. ಆರ್.ಎ. ರಮಾಮಣಿ ಅವರ ಕಂಠ, ಟಿ.ಎ.ಎಸ್. ಮಣಿ ಅವರ ಮೃದಂಗ. ಜಾಝ್ ಅಂದರೆ ಮೂಗು ಮುರಿಯುವ ಹಿರಿಯರಿಗೆ ನಾನು ಮೊದಲು ಹಾಕುವುದು ಇದನ್ನೇ.

ತೊಳೆಯುವುದು, ಇಡುವುದು

ತಂದ ಪ್ಲೇಟನ್ನು ತೊಳೆಯದೆ ಸೂಜಿ ಇಡಬೇಡಿ. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಮೆದು ಸೋಪು ಹಾಕಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆಯ ಗುಂಟ ಸುತ್ತ ಒರೆಸಿ. ಅಡ್ಡಡ್ಡ ಉಜ್ಜಬೇಡಿ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಲೇಬಲ್ ನೆನೆಯಬಾರದು. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತಿನ ಪ್ಲೇಟುಗಳಿಗೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಅವು ಅರಗಿನವು, ಸ್ಪಿರಿಟಿನಲ್ಲಿ ಕರಗುತ್ತವೆ. ಅವಕ್ಕೆ ಸೂಜಿಯೂ ಬೇರೆ, ದಪ್ಪನೆಯದು ಬೇಕು.

ಇಡುವಾಗ ಪುಸ್ತಕದಂತೆ ನೇರ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಕವರಿಗೆ ಬೂಷ್ಟು ಬರುತ್ತದೆ. ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಗಾಳಿಯಾಡಲು ಜಾಗ ಬಿಡಿ.

ಕೇಳುವುದು

ಆಂಪ್ಲಿಫೈಯರಿನಲ್ಲಿ ಮೋನೋ ಬಟನ್ ಇದ್ದರೆ ಹಳೆಯ ಮೋನೋ (ಎರಡೂ ಸ್ಪೀಕರಿನಲ್ಲಿ ಒಂದೇ ದನಿ ಬರುವ) ಪ್ಲೇಟಿಗೆ ಅದನ್ನು ಒತ್ತಿ. ಚಟಪಟ ಅರ್ಧ ಇಳಿದಂತಾಗುತ್ತದೆ. ಸ್ಟೀರಿಯೋ ಪ್ಲೇಟು ಮಾರುಕಟ್ಟೆಗೆ ಬಂದದ್ದೇ 1958ರ ಹೊತ್ತಿಗೆ. ಆಗಿನ ಸ್ಟೀರಿಯೋದಲ್ಲಿ ಊದುವವನು ಒಂದು ಮೂಲೆ, ಬಾರಿಸುವವನು ಇನ್ನೊಂದು ಮೂಲೆ. ನನಗಂತೂ ಮೋನೋದಲ್ಲೇ ಎಲ್ಲರೂ ಒಂದೇ ಕೋಣೆಯಲ್ಲಿದ್ದಂತೆ ಕೇಳುತ್ತದೆ.

ಒಂದು ಬದಿ ಇಪ್ಪತ್ತು ನಿಮಿಷ. ಫೋನನ್ನು ಅಡುಗೆಮನೆಯಲ್ಲಿಟ್ಟು ಬನ್ನಿ. ಮೊದಲ ಸಲ ಸುಮ್ನೆ ಬಾಸನ್ನು ಮಾತ್ರ ಹಿಂಬಾಲಿಸಿ. ಶುರುವಿನಲ್ಲಿ ಎಲ್ಲರೂ ಸೇರಿ ನುಡಿಸುವ ರಾಗವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹನ್ನೆರಡೋ ಮೂವತ್ತೆರಡೋ ಬಾರ್‌ಗಳ ಒಂದು ಆವರ್ತ ಅದು; ಬಾರ್ ಅಂದರೆ ತಾಳದ ಒಂದು ತುಂಡು, ಸಾಮಾನ್ಯವಾಗಿ ನಾಲ್ಕೆಣಿಕೆ. ಆಮೇಲೆ ಒಬ್ಬೊಬ್ಬರೂ ಅದೇ ಆವರ್ತದ ಮೇಲೆ ತಮ್ಮ ಕಲ್ಪನೆ ಹರಿಸುತ್ತಾರೆ. ಕೊನೆಗೆ ಮತ್ತೆ ಮೊದಲಿನದಕ್ಕೆ ಬರುತ್ತಾರೆ, ಪಲ್ಲವಿಗೆ ಮರಳಿದ ಹಾಗೆ. ನಡುವೆ ನಾಲ್ಕು ಬಾರ್ ಇವನು, ನಾಲ್ಕು ಬಾರ್ ಡ್ರಮ್ಮಿನವನು ಅಂತ ಕೊಟ್ಟು ತಗೊಳ್ಳುವುದಿದೆಯಲ್ಲ, ಅದು ತನಿ ಆವರ್ತನದಲ್ಲಿ ಮೃದಂಗ, ಘಟ ಮಾತಾಡಿಕೊಳ್ಳುವುದಕ್ಕೆ ಬಲು ಹತ್ತಿರ. ಕಚೇರಿ ಕೇಳಿದ ಕಿವಿಗೆ ಇದು ಬೇಗ ಸಿಗುತ್ತದೆ.

ಒಂದು ಎಚ್ಚರಿಕೆ. ಕೈಯಿಂದ ನಡೆಸುವ ಟರ್ನ್‌ಟೇಬಲ್ಲುಗಳಲ್ಲಿ ಬದಿ ಮುಗಿದರೂ ತೋಳು ತಾನಾಗಿ ಏಳುವುದಿಲ್ಲ. ಸೂಜಿ ಕೊನೆಯ ಗೆರೆಯಲ್ಲಿ ಸುತ್ತುತ್ತಲೇ ಇರುತ್ತದೆ, 1.8 ಸೆಕೆಂಡಿಗೊಮ್ಮೆ ಟಕ್. ರಾತ್ರಿ ಊಟ ಮಾಡಿ ಒರಗು ಕುರ್ಚಿಯಲ್ಲಿ ಕೂತವರಿಗೆ ಆ ಸದ್ದು ಜೋಗುಳ. ಬೆಳಗಿನ ನಾಲ್ಕಕ್ಕೆ ಎಚ್ಚರವಾದಾಗ ಐದಾರು ಗಂಟೆಯ ಸೂಜಿ ಸುಮ್ಮನೆ ಸವೆದಿರುತ್ತದೆ. ನಾನು ಈಗ ಒರಗು ಕುರ್ಚಿಯನ್ನು ವರಾಂಡಕ್ಕೆ ಹಾಕಿ, ಕಟ್ಟಿಗೆಯ ನೆಟ್ಟಗಿನ ಕುರ್ಚಿ ತಂದಿಟ್ಟಿದ್ದೇನೆ.