ತೋಟಗಳ ಗುಲಾಮಗಿರಿ ಹುಟ್ಟಿದ್ದು ಹೇಗೆ? ಹೀಗೆ ಓದಿ ನೋಡಿ

ಅಮೆರಿಕದ ವಸಾಹತುಗಳಲ್ಲಿ ಗುಲಾಮಗಿರಿ ಹೇಗೆ ಬೇರು ಬಿಟ್ಟಿತು ಅಂತ ತಿಳಿಯಬೇಕಾದರೆ ಮೊದಲು ಒಂದೇ ವಸಾಹತನ್ನು ಹಿಡಿದುಕೊಳ್ಳಿ. ಅಲ್ಲಿನ ಕಾನೂನು, ಕೋರ್ಟ್ ತೀರ್ಪುಗಳನ್ನು ಇಸವಿ ಪ್ರಕಾರ ಓದುತ್ತಾ ಹೋಗಿ. ಉತ್ತರ ಅಮೆರಿಕದಲ್ಲಿದ್ದ ಇಂಗ್ಲಿಷರ ವಸಾಹತು ವರ್ಜೀನಿಯಾದಿಂದ ಶುರು ಮಾಡುವುದು ಸುಲಭ, ಅದರ ಹಳೆಯ ಕಾನೂನುಗಳೆಲ್ಲ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ.

1619ರಲ್ಲಿ ಇಪ್ಪತ್ತಕ್ಕಿಂತ ಸ್ವಲ್ಪ ಜಾಸ್ತಿ ಆಫ್ರಿಕನ್ನರನ್ನು ಅಲ್ಲಿಗೆ ಹಡಗಿನಲ್ಲಿ ತಂದರು. ಆಗ ಅಲ್ಲಿ ಗುಲಾಮಗಿರಿಯ ಕಾನೂನೇ ಇರಲಿಲ್ಲ. ತಂಬಾಕು ಹೊಲಗಳಲ್ಲಿ ಹೆಚ್ಚಾಗಿ ದುಡಿಯುತ್ತಿದ್ದವರು ಕರಾರಿನ ಮೇಲೆ ಬಂದ ಬಡ ಇಂಗ್ಲಿಷರು.

1640ಕ್ಕೆ ಬಂದಾಗ ಸ್ವಲ್ಪ ನಿಲ್ಲಿ. ಮೂವರು ಆಳುಗಳು ಯಜಮಾನನಿಂದ ತಪ್ಪಿಸಿಕೊಂಡು ಓಡಿ ಸಿಕ್ಕಿಬಿದ್ದರು. ಯುರೋಪಿನ ಇಬ್ಬರಿಗೆ ನಾಲ್ಕು ವರ್ಷ ಹೆಚ್ಚಿನ ದುಡಿಮೆ. ಕಪ್ಪು ಮನುಷ್ಯ ಜಾನ್ ಪಂಚ್‌ಗೆ ಮಾತ್ರ ಬದುಕಿರುವವರೆಗೂ ಚಾಕರಿ. ತಪ್ಪು ಒಂದೇ ಅಲ್ವಾ?

ಆಮೇಲೆ 1656, ಎಲಿಜಬೆತ್ ಕೀ ಮೊಕದ್ದಮೆ. ತಾಯಿ ಆಫ್ರಿಕನ್, ತಂದೆ ಇಂಗ್ಲಿಷ್. ನನ್ನಪ್ಪ ಸ್ವತಂತ್ರ, ನಾನು ದೀಕ್ಷಾಸ್ನಾನ ಪಡೆದ ಕ್ರೈಸ್ತಳು ಅಂತ ವಾದಿಸಿ ಆಕೆ ಬಿಡುಗಡೆ ಪಡೆದಳು. ಈಗ ಮುಂದಿನ ಕಾನೂನು ನೋಡಿ. 1662ರಲ್ಲಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮ ಅಂತ ಬರೆದರು. 1667ರಲ್ಲಿ, ದೀಕ್ಷಾಸ್ನಾನದಿಂದ ಬಿಡುಗಡೆ ಇಲ್ಲ ಅಂದರು. ಆಕೆ ಗೆದ್ದ ಎರಡು ದಾರಿಯನ್ನೂ ಮುಚ್ಚಿಬಿಟ್ಟರು. ಯಜಮಾನನೇ ಬಲಾತ್ಕಾರ ಮಾಡಿ ಹುಟ್ಟಿಸಿದ ಮಗುವೂ ಅವನ ಆಸ್ತಿಯಾಯಿತು. ಈ ಎರಡು ಕಾನೂನುಗಳನ್ನು ದಯವಿಟ್ಟು ಅವಸರದಲ್ಲಿ ಓದಿ ದಾಟಬೇಡಿ, ಇಡೀ ವ್ಯವಸ್ಥೆ ತಲೆಮಾರುಗಟ್ಟಲೆ ನಿಂತಿದ್ದು ಇವುಗಳ ಮೇಲೆಯೇ.

ವರ್ಜೀನಿಯಾ ಆದಮೇಲೆ ಕೆರಿಬಿಯನ್‌ನಲ್ಲಿ ಇಂಗ್ಲಿಷರ ಕೈಯಲ್ಲಿದ್ದ ಬಾರ್ಬಡೋಸ್ ದ್ವೀಪಕ್ಕೆ ಬನ್ನಿ. 1640ರ ದಶಕದಲ್ಲಿ ಅಲ್ಲಿ ಸಕ್ಕರೆ ಕಾಲಿಟ್ಟಿತು. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ರಸ ಹಾಳಾಗುತ್ತದೆ, ಹಾಗಾಗಿ ಸುಗ್ಗಿಯಲ್ಲಿ ಗಾಣ ರಾತ್ರಿ ಹಗಲು ತಿರುಗಬೇಕು, ಆ ದುಡಿಮೆಗೆ ಜನರನ್ನು ಖರೀದಿಸಿ ತಂದರು. 1661ರಲ್ಲಿ ಗುಲಾಮರಿಗೆಂದೇ ದೊಡ್ಡ ಕಾನೂನು ಮಾಡಿದರು. ಅದನ್ನೇ ಮುಂದೆ ಜಮೈಕಾ, ದಕ್ಷಿಣ ಕೆರೊಲಿನಾ ಎರಡೂ ಮಾದರಿ ಮಾಡಿಕೊಂಡವು. ಇನ್ನೂ ಹಿಂದಿನ ಬೇರು ಬೇಕಾದರೆ ಪೋರ್ಚುಗೀಸರ ಮಡೈರಾ, ಸಾವೊ ಟೋಮೆ ದ್ವೀಪಗಳ ಸಕ್ಕರೆ ತೋಟಗಳಲ್ಲಿ ಹುಡುಕಿ.

ಕೊನೆಗೆ ಸ್ಲೇವ್ ವಾಯೇಜಸ್ ಅನ್ನುವ ಜಾಲತಾಣದಲ್ಲಿ ಗುಲಾಮರನ್ನು ಸಾಗಿಸಿದ ಹಡಗುಗಳ ದಾಖಲೆ ತೆಗೆಯಿರಿ. ಆಫ್ರಿಕಾದಿಂದ ಹತ್ತಿಸಿದ್ದು ಸುಮಾರು 1.25 ಕೋಟಿ ಜನರನ್ನು, ಜೀವಂತ ಇಳಿದವರು ಸುಮಾರು 1.07 ಕೋಟಿ. ಬ್ರೆಜಿಲ್‌ಗೇ 40 ಲಕ್ಷಕ್ಕೂ ಜಾಸ್ತಿ ಜನ ಹೋದರು, ಉತ್ತರ ಅಮೆರಿಕದ ನೆಲಕ್ಕೆ ನೇರವಾಗಿ ಬಂದವರು ಸುಮಾರು 4 ಲಕ್ಷ. ಈ ಲೆಕ್ಕಗಳ ಮೂಲ ಹೆಚ್ಚಾಗಿ ವ್ಯಾಪಾರಿಗಳ, ಬಂದರುಗಳ ಕಾಗದಪತ್ರ, ಅವುಗಳಲ್ಲಿ ಜನರ ಹೆಸರು ಸಿಗುವುದು ಅಪರೂಪ. ಎಲ್ಲಾದರೂ ಒಂದು ಹೆಸರು ಸಿಕ್ಕರೆ, ಇಸವಿ ಜೊತೆ ಬರೆದಿಟ್ಟುಕೊಳ್ಳಿ.